ಪ್ರತಿ ವಾಕ್ಯಕ್ಕೂ ‘ಮತ್ತು’ ಯಾಕೆ?

ಪ್ರಶ್ನೆ: ನಾನು ಐದನೇ ಕ್ಲಾಸಿಗೆ ಕನ್ನಡ ಕಲಿಸುತ್ತೇನೆ. ಎರಡು ವಾಕ್ಯ ಕೊಟ್ಟು ಸೇರಿಸಿ ಎಂದರೆ ಎಲ್ಲರೂ ನಡುವೆ ‘ಮತ್ತು’ ಹಾಕಿಬಿಡುತ್ತಾರೆ. ಏನು ಮಾಡಲಿ?

ಉತ್ತರ: ಇದೇ ಮಕ್ಕಳು ಮಾತಾಡುವುದನ್ನು ಸ್ವಲ್ಪ ಕೇಳಿಸಿಕೊಳ್ಳಿ. ‘ಮನೆಗೆ ಹೋದೆ ಮತ್ತು ಊಟ ಮಾಡಿದೆ’ ಅಂತ ಯಾವ ಮಗುವೂ ಹೇಳುವುದಿಲ್ಲ. ‘ಮನೆಗೆ ಹೋಗಿ ಊಟ ಮಾಡಿದೆ’ ಅನ್ನುತ್ತದೆ. ಜೋಡಿಸುವುದು ಅವರಿಗೆ ಗೊತ್ತೇ ಇದೆ. ಪೆನ್ಸಿಲ್ ಹಿಡಿದಾಗ ಮರೆತುಹೋಗುತ್ತದೆ, ಅಷ್ಟೆ. ಹಾಗಾಗಿ ಸಂಬಂಧಾರ್ಥಕಾವ್ಯಯಗಳ, ಅಂದರೆ ‘ಮತ್ತು’, ‘ಆದರೆ’ ತರಹದ ಜೋಡಿಸುವ ಪದಗಳ, ಪಟ್ಟಿಯನ್ನು ಮೊದಲ ದಿನವೇ ಬಾಯಿಪಾಠ ಮಾಡಿಸಬೇಡಿ.

ಬೋರ್ಡಿನ ಮೇಲೆ ‘ಮಳೆ ಬಂತು’ ಎಂದು ಬರೆಯಿರಿ. ಅದರ ಮುಂದೆ ಒಮ್ಮೆ ‘ಆಟ ನಿಂತಿತು’, ಇನ್ನೊಮ್ಮೆ ‘ಆಟ ನಿಲ್ಲಲಿಲ್ಲ’. ನಡುವೆ ಏನು ಬರಬೇಕು ಅಂತ ಕೇಳಿ. ಮೊದಲನೆಯದಕ್ಕೆ ‘ಅದಕ್ಕೇ’ ಅಂದರೆ ಶಭಾಷ್ ಅನ್ನಿ. ಬರೆಯುವಾಗ ಅದು ‘ಆದ್ದರಿಂದ’. ಎರಡನೆಯದಕ್ಕೆ ‘ಆದರೆ’ ತಾನಾಗಿ ಬರುತ್ತದೆ. ಆಮೇಲೆ ತಿರುಗಿಸಿ: ‘ಆಟ ನಿಂತಿತು, ಏಕೆಂದರೆ ಮಳೆ ಬಂತು.’ ಈಗ ಕಾರಣ ಕೊನೆಗೆ ಹೋಯಿತು. ಈ ಅದಲುಬದಲಿಗೆ ಒಂದು ಪೂರ್ತಿ ಪಿರಿಯಡ್ ಕೊಟ್ಟರೂ ನಷ್ಟವಿಲ್ಲ. ಪದಕ್ಕಿಂತ ಮೊದಲು ಎರಡು ಮಾತಿನ ನಡುವಿನ ನಂಟು ಏನೆಂದು ಯೋಚಿಸುವುದು ಇಲ್ಲೇ ರೂಢಿಯಾಗುತ್ತದೆ.

ಒಂದು ತೊಡಕಿದೆ. ‘ಮಳೆ ಆದರೆ ಬೆಳೆ ಬರುತ್ತದೆ’, ‘ಮಳೆ ಆಯಿತು, ಆದರೆ ಬೆಳೆ ಬರಲಿಲ್ಲ’. ಎರಡು ‘ಆದರೆ’ ಒಂದೇ ಅಲ್ಲ. ಜೋರಾಗಿ ಓದಿಸಿ, ವ್ಯತ್ಯಾಸ ಕಿವಿಗೇ ಸಿಗುತ್ತದೆ.

‘ಮತ್ತು’ ಕೆಟ್ಟ ಪದವೇನಲ್ಲ. ‘ಅಕ್ಕಿ ಮತ್ತು ಬೇಳೆ’ ಅನ್ನುವಾಗ ಅದು ಸರಿಯಾಗಿ ಕೂರುತ್ತದೆ. ವಾಕ್ಯಗಳ ನಡುವೆ ಮಾತ್ರ ಬಿಗಿ ಅನಿಸುತ್ತದೆ. ಅಲ್ಲಿ ನಮ್ಮ ‘ಊ’ ಇದೆಯಲ್ಲ: ‘ಮಳೆಯೂ ಬಂತು, ಕರೆಂಟೂ ಹೋಯಿತು.’ ಎಷ್ಟು ಚಂದ ಅಲ್ವಾ? ಕೆಲವೊಮ್ಮೆ ಏನೂ ಬೇಡ: ‘ಅಕ್ಕ ಹಾಡಿದಳು, ತಮ್ಮ ಕುಣಿದ.’

ಇದನ್ನೇ ‘ಅಕ್ಕ ಹಾಡಿ ತಮ್ಮ ಕುಣಿದ’ ಅಂದರೆ ಹೊಂದುವುದಿಲ್ಲ. ‘ಹಾಡಿ’, ‘ಹೋಗಿ’ ಸಾಮಾನ್ಯವಾಗಿ ಒಬ್ಬರೇ ಮಾಡಿದ ಕೆಲಸಗಳಿಗೆ. ‘ಮಳೆ ಬಂದು ಕೆರೆ ತುಂಬಿತು’ ಸರಿಯಲ್ವಾ ಅಂತ ಯಾವುದಾದರೂ ಮಗು ಕೇಳಿದರೆ ಖುಷಿಪಡಿ. ಸರಿಯೇ. ಅಲ್ಲಿ ಮಳೆಯಿಂದಲೇ ಕೆರೆ ತುಂಬಿದ್ದು.

ಪರೀಕ್ಷೆಯಲ್ಲಿ ‘ಸಂಯೋಜಿತ ವಾಕ್ಯ’ ಎಂದೇ ಕೇಳಿದ್ದರೆ ಮಾತ್ರ ‘ಹೋಗಿ’ ನಡೆಯುವುದಿಲ್ಲ. ಜೋಡಿಸಿದ ಎರಡೂ ಭಾಗ ತಮ್ಮಷ್ಟಕ್ಕೆ ನಿಲ್ಲುವ ವಾಕ್ಯಗಳಾಗಿರಬೇಕು. ‘ಮನೆಗೆ ಹೋದೆ, ಆದರೆ ಊಟ ಮಾಡಲಿಲ್ಲ’ ಅಂತ ಬರೆಸಿ.