ನೇಟಿವ್ ಟೈಟಲ್: ಯಾರೂ ಮಂಜೂರು ಮಾಡದ ಹಕ್ಕು

ಟೈಟಲ್ ಅಂದ ಕೂಡಲೇ ನಮಗೆ ಪಹಣಿ, ಕ್ರಯಪತ್ರ, ಹಕ್ಕುಪತ್ರ ನೆನಪಾಗುತ್ತವೆ, ಅಲ್ವಾ? ಆಸ್ಟ್ರೇಲಿಯಾದ ‘ನೇಟಿವ್ ಟೈಟಲ್’ ಬಗ್ಗೆ ಓದುವಾಗ ಆ ಕಾಗದಗಳನ್ನು ಪಕ್ಕಕ್ಕಿಡಿ. ಇದು ಸರ್ಕಾರ ಮಂಜೂರು ಮಾಡುವ ಹಕ್ಕಲ್ಲ. ಬ್ರಿಟಿಷರು ಬರುವ ಮೊದಲೇ ಅಲ್ಲಿನ ಮೂಲನಿವಾಸಿಗಳಿಗೆ ತಮ್ಮದೇ ಕಟ್ಟಳೆಯಂತೆ ನೆಲ, ನೀರಿನ ಮೇಲಿದ್ದ ಹಕ್ಕು. ಕೋರ್ಟು ಅದನ್ನು ‘ಇದೆ’ ಎಂದು ಒಪ್ಪಿಕೊಳ್ಳುತ್ತದೆ, ಅಷ್ಟೇ.

ಹಾಗೆ ಒಪ್ಪಿಕೊಳ್ಳಲು 200 ವರ್ಷ ಹಿಡಿಯಿತು. 1971ರಲ್ಲಿ ಉತ್ತರ ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ಯೊಲ್ಙು ಜನರ ಮೊಕದ್ದಮೆ ಕೇಳಿದ ನ್ಯಾಯಾಧೀಶ ಬ್ಲ್ಯಾಕ್‌ಬರ್ನ್, ಇವರಿಗೆ ಕಟ್ಟುನಿಟ್ಟಾದ ಕಾನೂನು ವ್ಯವಸ್ಥೆ ಇದೆ ಎಂದು ಒಪ್ಪಿದರು. ಆದರೂ ನೆಲ ಅವರ ಆಸ್ತಿಯಲ್ಲ ಎಂದು ತೀರ್ಪು ಕೊಟ್ಟರು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಲೆಕ್ಕ ಬದಲಿಸಿದವರು ಎಡ್ಡಿ ಮಾಬೊ. ಆಸ್ಟ್ರೇಲಿಯಾದ ಉತ್ತರ ತುದಿಯಾಚೆಗಿನ ಟಾರೆಸ್ ಜಲಸಂಧಿಯ ಮೆರ್ ದ್ವೀಪದವರು. ಟೌನ್ಸ್‌ವಿಲ್‌ನ ವಿಶ್ವವಿದ್ಯಾಲಯದಲ್ಲಿ ತೋಟದ ಕೆಲಸ ಮಾಡುತ್ತಿದ್ದರು. ಊರಿನ ತಮ್ಮ ಜಮೀನು ಕಾನೂನಿನ ಕಣ್ಣಲ್ಲಿ ಸರ್ಕಾರದ್ದು ಎಂದು ಅಲ್ಲಿನ ಇತಿಹಾಸಕಾರರ ಜೊತೆ ಮಾತಾಡುವಾಗಲೇ ಅವರಿಗೆ ಗೊತ್ತಾಗಿದ್ದು. ಮೆರ್‌ನಲ್ಲಿ ಮಾಲೊ ದೇವರ ಕಟ್ಟಳೆ ಇದೆ: ನಿನ್ನದಲ್ಲದ್ದನ್ನು ಮುಟ್ಟಬೇಡ. ಯಾವ ತೋಟ ಯಾರದ್ದು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. 1982ರಲ್ಲಿ ಮಾಬೊ ಮತ್ತು ನಾಲ್ವರು ದಾವೆ ಹೂಡಿದರು. 1992ರ ಜೂನ್ 3ರಂದು ಹೈಕೋರ್ಟಿನ ಏಳು ನ್ಯಾಯಮೂರ್ತಿಗಳಲ್ಲಿ ಆರು ಜನ ಮೆರ್ ಜನರ ಪರ ನಿಂತರು. ಅಲ್ಲಿ ಹೈಕೋರ್ಟೇ ಕೊನೆಯ ಮೆಟ್ಟಿಲು. ತೀರ್ಪಿನ ಮಾತು ದ್ವೀಪಕ್ಕಷ್ಟೇ ಅಲ್ಲ, ಇಡೀ ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೂ ಅನ್ವಯವಾಯಿತು. ಅದನ್ನು ಕೇಳಲು ಮಾಬೊ ಇರಲಿಲ್ಲ. ಆ ವರ್ಷದ ಜನವರಿಯಲ್ಲೇ ತೀರಿಕೊಂಡಿದ್ದರು.

ಮರುವರ್ಷ ನೇಟಿವ್ ಟೈಟಲ್ ಕಾಯ್ದೆ ಬಂತು. ಆದರೆ ಹಕ್ಕು ಸಾಬೀತು ಮಾಡುವ ಹೊರೆ ಕೇಳುವವರ ಮೇಲೆಯೇ. ಸರ್ಕಾರ ಹಿಂದೆ ಯಾರಿಗಾದರೂ ಪೂರ್ತಿ ಒಡೆತನ ಕೊಟ್ಟುಬಿಟ್ಟ ಜಾಗದಲ್ಲಿ ಈ ಹಕ್ಕು ಸಾಮಾನ್ಯವಾಗಿ ಅಳಿದಂತೆಯೇ. ನೆಲದ ನಂಟೂ ಕಟ್ಟಳೆಯೂ ತಲೆಮಾರಿನಿಂದ ತಲೆಮಾರಿಗೆ ಮುಂದುವರಿದಿದೆ ಎಂದು ತೋರಿಸಬೇಕು. 2002ರಲ್ಲಿ ಯೋರ್ಟಾ ಯೋರ್ಟಾ ಜನ ಸೋತದ್ದು ಇಲ್ಲೇ. ನೆಲದಿಂದ ಎಬ್ಬಿಸಿದ್ದು ಬೇರೆಯವರು, ನಂಟು ಕಡಿದಿಲ್ಲ ಎಂದು ತೋರಿಸಬೇಕಾದವರು ಇವರು!

ಈ ವಿಷಯದ ತೀರ್ಪು, ಕಾಯ್ದೆ ಕಲೆಹಾಕುವವರಿಗೆ ಒಂದು ಮಾತು. ‘ಲ್ಯಾಂಡ್ ರೈಟ್ಸ್’ ಬೇರೆ. ಅದು 1976ರ ನಾರ್ದರ್ನ್ ಟೆರಿಟರಿ ಕಾಯ್ದೆಯಂಥ ಕಾನೂನುಗಳ ಮೂಲಕ ಸರ್ಕಾರವೇ ಕೊಡುವ ಜಮೀನು, ನಮ್ಮ ಹಕ್ಕುಪತ್ರಕ್ಕೆ ಹತ್ತಿರ. ಹುಡುಕುವಾಗ ಎರಡಕ್ಕೂ ಬೇರೆ ಬೇರೆ ಫೈಲ್ ಇಡಿ.