ಸರಾಸರಿ ಪ್ರವಾಸಿ ಗಾಳಿಯಲ್ಲಿ ನಿಂತಿದ್ದಾನೆ

ಭಾನುವಾರ ಮಧ್ಯಾಹ್ನ ವಿಜಯಪುರದ ಗೋಳಗುಮ್ಮಟದ ಒಳಗೋಡೆಗೆ ಬಳೆಯಂತೆ ಸುತ್ತಿರುವ ಗ್ಯಾಲರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಈ ಕಡೆಯವನು ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟುತ್ತಾನೆ, ಎದುರು ಕಡೆಯವನು ಕಿವಿ ಹಚ್ಚಿ ಕೇಳುತ್ತಾನೆ. ಅಲ್ಲಿರುವ ಅಷ್ಟೂ ಜನ ಎಲ್ಲೆಲ್ಲಿ ನಿಂತಿದ್ದಾರೆ ಅಂತ ಒಂದು ಕಾಗದದ ಮೇಲೆ ಚುಕ್ಕಿ ಇಡಿ. ಈಗ ಸರಾಸರಿ ತೆಗೆಯಿರಿ. ಸರಾಸರಿ ಪ್ರವಾಸಿ ಗುಮ್ಮಟದ ನಟ್ಟನಡುವೆ, ನೆಲದಿಂದ ಸುಮಾರು 33 ಮೀಟರ್ ಮೇಲೆ, ಗಾಳಿಯಲ್ಲಿ ನಿಂತಿರುತ್ತಾನೆ. ಕೆಳಗೆ ಮಹಮ್ಮದ್ ಆದಿಲ್ ಶಾಹನ ಸಮಾಧಿ. ಅಷ್ಟು ಜನರಲ್ಲಿ ಒಬ್ಬನೂ ಇಲ್ಲದ ಜಾಗವನ್ನೇ ನಮ್ಮ ಲೆಕ್ಕ ಬೆರಳಿಟ್ಟು ತೋರಿಸಿತು.

ಲೆಕ್ಕ ತಪ್ಪಿಲ್ಲ, ಕೇಳಿದ ಪ್ರಶ್ನೆ ತಪ್ಪು. ಸರಾಸರಿ ಮಳೆ, ಸರಾಸರಿ ಇಳುವರಿ, ಸರಾಸರಿ ಅಂಕ ಅಂತ ದಿನಾ ಪೇಪರಿನಲ್ಲಿ ಓದುತ್ತೇವೆ. ಡೇಟಾ ಒಂದೇ ಕಡೆ ಗುಂಪುಗೂಡಿದ್ದರೆ ಸರಾಸರಿ ಒಳ್ಳೆಯದೇ. ನಡುವೆ ತೂತಿದ್ದರೆ? ಫ್ರಾನ್ಸಿಸ್ ಆನ್ಸ್ಕೋಂಬ್ ಎಂಬ ಸಂಖ್ಯಾಶಾಸ್ತ್ರಜ್ಞ 1973ರಲ್ಲೇ ನಾಲ್ಕು ಪುಟ್ಟ ಪಟ್ಟಿಗಳನ್ನು ಮಾಡಿ ತೋರಿಸಿದ್ದ. ನಾಲ್ಕರ ಸರಾಸರಿಯೂ ಏರುಪೇರಿನ ಅಳತೆಯೂ ಹೆಚ್ಚುಕಡಿಮೆ ಒಂದೇ. ಚುಕ್ಕಿ ಇಟ್ಟು ನೋಡಿದರೆ ಮಾತ್ರ ನಾಲ್ಕೂ ಬೇರೆ ಬೇರೆ ಆಕಾರ.

ಎರಡು ಅಂಕಣದ ಪಟ್ಟಿಯಾದರೆ ಚುಕ್ಕಿ ಇಟ್ಟು ಕಣ್ಣಿಂದ ನೋಡಬಹುದು. ಇನ್ನೂರು ಅಂಕಣ ಇದ್ದರೆ? ಅಲ್ಲಿ ಕೈ ಹಿಡಿಯುವುದು ಟೋಪಾಲಜಿ ಎಂಬ ಗಣಿತ. ಕಾಫಿ ಕಪ್ಪೂ ಡೋನಟ್ಟೂ ಒಂದೇ (ಎರಡಕ್ಕೂ ಇರುವುದು ಒಂದೇ ತೂತು) ಎಂಬ ಹಳೇ ಜೋಕನ್ನು ನೀವು ಕೇಳಿಯೇ ಇರುತ್ತೀರಿ, ಅದನ್ನು ಬಿಡೋಣ. ನಮಗೆ ಬೇಕಾದದ್ದು ಇಷ್ಟೇ: ಟೋಪಾಲಜಿ ಉದ್ದ, ಅಗಲ, ಕೋನ ಕೇಳುವುದಿಲ್ಲ. ಎಷ್ಟು ತುಂಡು, ಎಷ್ಟು ತೂತು, ಒಳಗೆ ಎಷ್ಟು ಟೊಳ್ಳು ಅಂತ ಎಣಿಸುತ್ತದೆ.

ಆದರೆ ಚುಕ್ಕಿಗಳ ರಾಶಿಯಲ್ಲಿ ತೂತು ಎಲ್ಲಿಂದ ಬರಬೇಕು? ಚುಕ್ಕಿ ಅಂದರೆ ಬರೀ ಚುಕ್ಕಿ, ನಡುವೆ ಎಲ್ಲಾ ಕಡೆ ಖಾಲಿಯೇ. ಉಪಾಯ ಇಲ್ಲಿದೆ, ನನಗೆ ತುಂಬಾ ಇಷ್ಟವಾದದ್ದು ಇದೇ. ಪ್ರತಿಯೊಬ್ಬ ಪ್ರವಾಸಿಯ ಸುತ್ತ ಒಂದು ವೃತ್ತ ಎಳೆಯಿರಿ. ಎಲ್ಲ ವೃತ್ತಗಳನ್ನೂ ಒಟ್ಟಿಗೇ ನಿಧಾನವಾಗಿ ಬೆಳೆಸಿ. ತ್ರಿಜ್ಯ ಒಂದು ಗೇಣು ಇದ್ದಾಗ ಯಾರ ವೃತ್ತವೂ ಯಾರಿಗೂ ತಾಗುವುದಿಲ್ಲ. ಜನ ಎರಡು ಮೀಟರಿಗೊಬ್ಬರಂತೆ ನಿಂತಿದ್ದರೆ, ತ್ರಿಜ್ಯ ಒಂದು ಮೀಟರ್ ಆಗುತ್ತಲೇ ಅಕ್ಕಪಕ್ಕದವು ಕೂಡಿಕೊಳ್ಳುತ್ತವೆ. ಬಳೆ ಮುಚ್ಚಿತು, ತೂತು ಹುಟ್ಟಿತು. ಇನ್ನೂ ಬೆಳೆಸಿ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಗ್ಯಾಲರಿಯ ಅಗಲ ಮೂರು ಮೀಟರಿಗಿಂತ ಸ್ವಲ್ಪ ಜಾಸ್ತಿ. ಅಂದರೆ ನಡುವಿನ ಖಾಲಿಯ ತ್ರಿಜ್ಯ ಹತ್ತಿರ ಹತ್ತಿರ 16 ಮೀಟರ್. ವೃತ್ತಗಳು ಅಷ್ಟು ದೊಡ್ಡವಾದಾಗ ಎಲ್ಲವೂ ನಡುವಿಗೆ ಬಂದು ಸೇರುತ್ತವೆ, ತೂತು ಸಾಯುತ್ತದೆ. ಒಂದರಲ್ಲಿ ಹುಟ್ಟಿ ಹದಿನಾರರಲ್ಲಿ ಸತ್ತ ತೂತು. ಅದರ ಆಯುಷ್ಯಕ್ಕೆ ಒಂದು ಗೆರೆ ಎಳೆಯಿರಿ.

ಅದೇ ಹೊತ್ತಿಗೆ ಸಣ್ಣಪುಟ್ಟ ತೂತುಗಳೂ ಹುಟ್ಟುತ್ತವೆ. ಗೋಡೆಯ ಬಳಿ ಇಬ್ಬರು, ಒಳ ಅಂಚಿನಲ್ಲಿ ಇಬ್ಬರು ನಿಂತಿದ್ದಾರೆ ಅನ್ನಿ. ಅವರ ನಡುವೆಯೂ ಒಂದು ಕಿಂಡಿ ಮೂಡುತ್ತದೆ. ವೃತ್ತ ಇಷ್ಟೇ ಇಷ್ಟು ಬೆಳೆದರೆ ಅದು ಮುಚ್ಚಿಹೋಗುತ್ತದೆ. ಅದರ ಗೆರೆ ಮೋಟು. ಹೀಗೆ ಎಲ್ಲ ಗೆರೆಗಳನ್ನೂ ಒಂದರ ಕೆಳಗೊಂದು ಬರೆದರೆ ಸಿಗುವುದಕ್ಕೆ ಬಾರ್‌ಕೋಡ್ ಅಂತಲೇ ಹೆಸರು. ಮೋಟು ಗೆರೆಗಳು ಹೆಚ್ಚಾಗಿ ಗದ್ದಲ, ಅಂದರೆ ಆಕಸ್ಮಿಕವಾಗಿ ಮೂಡಿದವು. ಉದ್ದ ಗೆರೆ ಡೇಟಾದ ನಿಜವಾದ ಆಕಾರ.

'ವೃತ್ತ ಎಷ್ಟು ದೊಡ್ಡದಿರಬೇಕು' ಅಂತ ಇಲ್ಲಿ ಯಾರೂ ನಿರ್ಧರಿಸಲಿಲ್ಲ, ಗಮನಿಸಿ. ಎಲ್ಲ ಅಳತೆಗಳನ್ನೂ ನೋಡಿ, ಉಳಿದದ್ದನ್ನು ಮಾತ್ರ ನಂಬಿದೆವು. ನಮ್ಮ ರಾಶಿ ಭವಿಷ್ಯದವರು ಮಾಡುವುದು ಇದರ ತದ್ವಿರುದ್ಧ. ಆಕಾಶದಲ್ಲಿ ತಮಗೆ ಬೇಕಾದ ಚುಕ್ಕಿಗಳನ್ನು ಆರಿಸಿ, ಬೇಕಾದ ಗೆರೆ ಎಳೆದು, ನೋಡಿ ಚೇಳು ಅನ್ನುತ್ತಾರೆ. ಆ ಚೇಳಿನ ಜ್ಯೇಷ್ಠಾ ನಕ್ಷತ್ರ ನಮ್ಮಿಂದ ಸುಮಾರು 550 ಜ್ಯೋತಿರ್ವರ್ಷ ದೂರ. ಅದೇ ಚೇಳಿನ ಮೈಮೇಲಿನ ಇನ್ನೊಂದು ನಕ್ಷತ್ರ 65 ಜ್ಯೋತಿರ್ವರ್ಷದ ಆಸುಪಾಸು. ನಿಜವಾದ ದೂರ ಹಾಕಿ ವೃತ್ತ ಬೆಳೆಸಿದರೆ ಆ ಚೇಳು ಎಲ್ಲೂ ಕಾಣುವುದಿಲ್ಲ. ಆದರೂ ಅದನ್ನು ನಂಬಿ ಮದುವೆ ಮುಂದೂಡುವವರಿದ್ದಾರೆ, ಅಲ್ವಾ?

ವೃತ್ತಗಳ ಲೆಕ್ಕ ಕಂಪ್ಯೂಟರಿಗೂ ಕಷ್ಟ. ಅದಕ್ಕೇ ಒಂದು ಅಡ್ಡದಾರಿ ಇದೆ. ಮೂರು ಚುಕ್ಕಿಗಳಲ್ಲಿ ಯಾವ ಎರಡನ್ನು ತೆಗೆದುಕೊಂಡರೂ ಅವುಗಳ ವೃತ್ತಗಳು ತಾಗುತ್ತಿದ್ದರೆ ಸಾಕು, ನಡುವಿನ ತ್ರಿಕೋನ ತುಂಬಿತು ಅಂತ ತಿಳಿಯಿರಿ. ಇದು ಸ್ವಲ್ಪ ಮೋಸವೇ. ನಮ್ಮ ಗ್ಯಾಲರಿಯ ಒಳ ಅಂಚಿನಲ್ಲಿ ಮೂವರು ಒಬ್ಬರಿಗೊಬ್ಬರು ಸುಮಾರು 28 ಮೀಟರ್ ದೂರದಲ್ಲಿ ನಿಂತರೆ, ತ್ರಿಜ್ಯ 14 ಆಗುತ್ತಲೇ ಮೂರೂ ವೃತ್ತ ತಾಗುತ್ತವೆ. ನಡುಬಿಂದು ಇನ್ನೂ ಎರಡು ಮೀಟರ್ ಆಚೆ ಬಯಲಲ್ಲೇ ಇರುತ್ತದೆ. ಆದರೂ ಲೆಕ್ಕದಲ್ಲಿ ತೂತು ಮುಚ್ಚಿತು. ಎರಡು ಮೀಟರ್ ಹೋಯಿತು, ಉದ್ದ ಗೆರೆ ಉದ್ದವಾಗಿಯೇ ಉಳಿಯಿತು. ಬದಲಿಗೆ ಬರೀ ದೂರಗಳ ಪಟ್ಟಿಯಿಂದಲೇ ಕೆಲಸ ಮುಗಿಯುತ್ತದೆ.

ಈ ತ್ರಿಕೋನದ ಉಪಾಯವನ್ನು 1927ರಲ್ಲಿ ಕೊಟ್ಟವರು ಆಸ್ಟ್ರಿಯಾದ ಲಿಯೋಪೋಲ್ಡ್ ವಿಯೆಟೋರಿಸ್. ಹುಟ್ಟಿದ್ದು 1891ರಲ್ಲಿ. ಬೆಟ್ಟ ಹತ್ತುವ ಹುಚ್ಚಿತ್ತು. ಬದುಕಿದ್ದು 110 ವರ್ಷ! ಈ ಉಪಾಯ ಕೊಟ್ಟಾಗ ಕಂಪ್ಯೂಟರೂ ಇಲ್ಲ, ಡೇಟಾ ಎಂಬ ಗಲಾಟೆಯೂ ಇಲ್ಲ. ಅವರಿಗಿದ್ದದ್ದು ಶುದ್ಧ ಗಣಿತದ ಆಸೆ. ಎಡೆಲ್ಸ್‌ಬ್ರುನರ್, ಲೆಚರ್, ಜೊಮೊರೊಡಿಯನ್ ಎಂಬ ಮೂವರು ತೂತುಗಳ ಹುಟ್ಟುಸಾವನ್ನು ಬೇಗ ಲೆಕ್ಕ ಹಾಕುವ ದಾರಿ ಹುಡುಕಿದರು. ಅವರ ಪೂರ್ಣ ಲೇಖನ ಪ್ರಕಟವಾದದ್ದು 2002ರಲ್ಲಿ. ವಿಯೆಟೋರಿಸ್ ತೀರಿಕೊಂಡದ್ದೂ ಅದೇ ವರ್ಷ.

ಇದರಿಂದ ಉಪಯೋಗ ಏನು ಅಂತ ಕೇಳುವವರಿಗೆ ಇಲಿಯ ಕಥೆ. ಇಲಿಯ ಮಿದುಳಿನಲ್ಲಿ 'ನಾನೆಲ್ಲಿದ್ದೇನೆ' ಅಂತ ಲೆಕ್ಕ ಇಡುವ ಗ್ರಿಡ್ ಕೋಶಗಳಿವೆ. ಅವನ್ನು ಕಂಡುಹಿಡಿದ ಮೋಸರ್ ದಂಪತಿಗೆ 2014ರಲ್ಲಿ ನೊಬೆಲ್ ಬಂತು. ಅವರ ತಂಡ ಇಂಥ ಕೋಶಗಳ ಚಟುವಟಿಕೆಯನ್ನು ಒಟ್ಟಿಗೆ ದಾಖಲಿಸಿ, ಒಂದೊಂದು ಕ್ಷಣದ ಚಟುವಟಿಕೆಯನ್ನೂ ಒಂದೊಂದು ಚುಕ್ಕಿ ಮಾಡಿ, ಬಾರ್‌ಕೋಡ್ ತೆಗೆದು, 2022ರಲ್ಲಿ ಪ್ರಕಟಿಸಿತು. ಉದ್ದ ಗೆರೆಗಳು ಸಿಕ್ಕಿದ್ದು ಹೀಗೆ: ತುಂಡು ಒಂದು, ತೂತು ಎರಡು, ಟೊಳ್ಳು ಒಂದು. ಅದು ಗಾಳಿ ತುಂಬಿದ ಸೈಕಲ್ ಟ್ಯೂಬಿನ ಲೆಕ್ಕ. ಟ್ಯೂಬಿನ ಉದ್ದಕ್ಕೂ ಒಂದು ಸುತ್ತು, ಅಡ್ಡಕ್ಕೆ ಇನ್ನೊಂದು ಸುತ್ತು, ಒಳಗೆ ಗಾಳಿಯ ಟೊಳ್ಳು. ಇಲಿ ಓಡಿದ್ದು ಚಪ್ಪಟೆ ನೆಲದ ಮೇಲೆ. ಅದು ನಿದ್ದೆ ಮಾಡುವಾಗಲೂ ಆ ಟ್ಯೂಬ್ ಹಾಗೇ ಇತ್ತು.

ಇಷ್ಟೆಲ್ಲ ಹೊಗಳಿದ ಮೇಲೆ ಇದರ ದೌರ್ಬಲ್ಯವನ್ನೂ ಹೇಳಬೇಕು. ಗುಮ್ಮಟದ ದಪ್ಪ ಕಲ್ಲುಗೋಡೆಯೊಳಗೆ ಒಬ್ಬನ ಮೊಬೈಲು ಜಿಪಿಎಸ್ ತಪ್ಪಿ, ಅವನನ್ನು ನಟ್ಟನಡುವೆ ತೋರಿಸಿತು ಅನ್ನಿ. ಆ ಒಂದೇ ಚುಕ್ಕಿಯ ವೃತ್ತವೂ ಒಳಗಿನಿಂದ ಬೆಳೆಯುತ್ತದೆ. ಹದಿನಾರರಲ್ಲಿ ಸಾಯಬೇಕಿದ್ದ ತೂತು ಎಂಟಕ್ಕೇ ಸಾಯುತ್ತದೆ. ಒಬ್ಬನಿಂದ ಅರ್ಧ ಆಯುಷ್ಯ ಹೋಯಿತು! ಹಾಗಾಗಿ ಒಂಟಿ ಚುಕ್ಕಿಗಳನ್ನು ಮೊದಲೇ ಸೋಸಿಕೊಳ್ಳಬೇಕು. ಸೋಸುವುದರಲ್ಲಿ ಮತ್ತೆ ನಮ್ಮ ಕೈವಾಡ ಬಂದೇ ಬರುತ್ತದೆ, ತಪ್ಪಿಸಲು ಆಗುವುದಿಲ್ಲ.

ಇನ್ನೊಂದು ತೊಂದರೆ ತ್ರಿಕೋನಗಳ ಸಂಖ್ಯೆ. ಸಾವಿರ ಚುಕ್ಕಿ ಇದ್ದರೆ 16 ಕೋಟಿಗೂ ಜಾಸ್ತಿ ತ್ರಿಕೋನ. ಬೆಳಗಾವಿಯ ಎಂಜಿನಿಯರಿಂಗ್ ಹುಡುಗರು ಯಾರಾದರೂ ಪ್ರಾಜೆಕ್ಟಿಗೆ ಇದನ್ನು ಹಿಡಿಯುವುದಾದರೆ, ಸುಮ್ನೆ ದೊಡ್ಡ ಡೇಟಾಕ್ಕೆ ಕೈ ಹಾಕಬೇಡಿ. ರಿಪ್ಸರ್, ಗುಧಿ ಎಂಬ ಪುಕ್ಕಟೆ ಸಾಫ್ಟ್‌ವೇರ್‌ಗಳಿವೆ, ಪೈಥಾನ್ ಬಂದರೆ ಸಾಕು. ಮೊದಲು ಇನ್ನೂರು ಚುಕ್ಕಿ ಕೊಡಿ. 13 ಲಕ್ಷ ತ್ರಿಕೋನ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬಾರ್‌ಕೋಡ್ ಬಂದಿರುತ್ತದೆ.