ಬೆಟ್ಟೆಯ ಒತ್ತು ಎಲ್ಲಿ ಹೋಯಿತು? ಗ್ರಾಫ್‌ಗಳಲ್ಲಿ ಕನ್ನಡ ಒಡೆಯುವ ಕಥೆ

ಶಿರಸಿ ಕಡೆ ಅಡಿಕೆ ಬೆಳೆಯುವ ಮನೆಗಳಲ್ಲಿ ಧಾರಣೆಯ ಮಾತಿಲ್ಲದೆ ಊಟ ಮುಗಿಯುವುದಿಲ್ಲ. ನಮ್ಮ ಭಾವ ವರ್ಷಗಟ್ಟಲೆ ಮಾರಾಟದ ಪಟ್ಟಿಗಳನ್ನು ಜೋಪಾನ ಮಾಡಿಟ್ಟಿದ್ದಾರೆ. "ಇದನ್ನೊಂದು ಗ್ರಾಫ್ ಮಾಡ್ಕೊಡು ಮಾರಾಯ" ಅಂದರು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಅಡಿಕೆಯ ನಾಲ್ಕು ಬಗೆ. ನಾಲ್ಕು ಗೆರೆ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇಪ್ಪತ್ತು ಸಾಲಿನ ಕೆಲಸ.

ಗೆರೆಗಳು ಚೆನ್ನಾಗಿಯೇ ಬಂದವು. ಹೆಸರಿನ ಜಾಗದಲ್ಲಿ ಮಾತ್ರ ಖಾಲಿ ಚೌಕಗಳು. ಜೊತೆಗೆ ಒಂದು ಎಚ್ಚರಿಕೆ: ಗ್ಲಿಫ್ (ಅಕ್ಷರದ ಆಕಾರ) 3248 ಈ ಫಾಂಟ್‌ನಲ್ಲಿ ಇಲ್ಲ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್ ಲೆಕ್ಕದಲ್ಲಿ 3248 ಅಂದರೆ ನಮ್ಮ 'ರ'. ಸರಿ, ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿದೆ. ಚೌಕ ಹೋಯಿತು, ಅಕ್ಷರ ಒಡೆಯಿತು. 'ಬೆಟ್ಟೆ'ಯ ಎತ್ವ 'ಬ'ಕ್ಕೆ ಅಂಟದೆ ದೂರ ನಿಂತಿತ್ತು. ಕೆಳಗಿಳಿಯಬೇಕಿದ್ದ 'ಟ' ಒತ್ತು ಪೂರ್ತಿ ಅಕ್ಷರವಾಗಿ ಸಾಲಿನಲ್ಲೇ ಕೂತಿತ್ತು. ಭಾವ ಕನ್ನಡಕ ಏರಿಸಿ ನೋಡಿ, "ಇದು ಯಾವ ಭಾಷೆ?" ಅಂದರು.

ಗ್ರಾಫ್ ಬಿಡಿಸುವ ತಂತ್ರಾಂಶಗಳ ಹಿಂದಿನ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1984ರಿಂದ ದುಡ್ಡು ಕೊಟ್ಟವರಿಗೆ ಮ್ಯಾಟ್‌ಲ್ಯಾಬ್ ಇತ್ತು, 1986ರಿಂದ ಬಿಟ್ಟಿಯಾಗಿ ಗ್ನೂಪ್ಲಾಟ್. 2003ರಲ್ಲಿ ಪೈಥಾನ್‌ಗೆ ಮ್ಯಾಟ್‌ಪ್ಲಾಟ್‌ಲಿಬ್ ಬಂತು, ನಾನು ಬಳಸಿದ್ದೂ ಅದನ್ನೇ. ಅದನ್ನು ಬರೆದ ಜಾನ್ ಹಂಟರ್ ಮೆದುಳಿನ ಸಂಶೋಧಕರು. ಅಪಸ್ಮಾರ ರೋಗಿಗಳ ಮೆದುಳಿನ ಸಂಕೇತಗಳನ್ನು ನೋಡಲು ಅವರಿಗೆ ಒಂದು ಸಾಧನ ಬೇಕಿತ್ತು, ಮಾಡಿಕೊಂಡರು. 2012ರಲ್ಲಿ ಅವರು ತೀರಿಕೊಂಡ ಮೇಲೂ ಸ್ವಯಂಸೇವಕರು ಅದನ್ನು ನಡೆಸಿಕೊಂಡು ಬಂದಿದ್ದಾರೆ. ಮೊದಮೊದಲು ಎಲ್ಲರ ಗೋಳು ಒಂದೇ: ಗ್ರಾಫ್ ಕಿಟಕಿ ತೆರೆಯುವುದೇ ಇಲ್ಲ, ತೆರೆದರೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಬ್ರೌಸರ್‌ನಲ್ಲೇ ಕೋಡ್ ಬರೆದು ಓಡಿಸುವ ಜುಪಿಟರ್ ನೋಟ್‌ಬುಕ್ ಬಂದು, ಚಿತ್ರ ಕೋಡ್‌ನ ಕೆಳಗೇ ಮೂಡತೊಡಗಿದಾಗ ಆ ಗೋಳು ಬಹುಪಾಲು ತಣ್ಣಗಾಯಿತು.

ಅಕ್ಷರದ ತೊಂದರೆ ಮಾತ್ರ ಉಳಿಯಿತು. ಯಾಕೆ ಅಂತ ತಿಳಿಯಲು ಕಾಗುಣಿತ ನೆನಪಿದ್ದರೆ ಸಾಕು. ಇಂಗ್ಲಿಷ್ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಪದವಾಯಿತು. ಕನ್ನಡದಲ್ಲಿ ಹಾಗಲ್ಲ. ಗುಡಿಸು ಬಂದರೆ ತಲೆಕಟ್ಟು ಹೋಗಬೇಕು, ಒತ್ತು ಕೆಳಗಿಳಿಯಬೇಕು. ಯಾವ ಆಕಾರದ ಬದಲು ಯಾವುದು ಬರಬೇಕು ಅನ್ನುವ ನಿಯಮ ಫಾಂಟ್‌ನ ಒಳಗೇ ಇರುತ್ತದೆ. ಆ ನಿಯಮವನ್ನು ಓದಿ ಜೋಡಿಸಲು ಹಾರ್ಫ್‌ಬಝ್‌ನಂಥ ಬೇರೆ ತಂತ್ರಾಂಶ ಬೇಕು. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಅದು ಇದೆ. ಮ್ಯಾಟ್‌ಪ್ಲಾಟ್‌ಲಿಬ್ ಮಾತ್ರ ಫಾಂಟ್ ಓದುವ ಫ್ರೀಟೈಪ್ ಅನ್ನುವ ತಂತ್ರಾಂಶದಿಂದ ಒಂದೊಂದೇ ಆಕಾರ ತೆಗೆದು ಸಾಲಾಗಿ ಇಡುವ ಪದ್ಧತಿಯಲ್ಲಿ ಬೆಳೆಯಿತು. ನಮ್ಮ ಜಿಲ್ಲೆಯ 12 ತಾಲ್ಲೂಕುಗಳ ಹೆಸರು ಬರೆದು ನೋಡಿ, ಕಾಗುಣಿತವೋ ಒತ್ತೋ ಇಲ್ಲದ ಹೆಸರು ಒಂದೂ ಇಲ್ಲ. ಹೊನ್ನಾವರ, ಯಲ್ಲಾಪುರ, ಭಟ್ಕಳಗಳ ಪಾಡಂತೂ ಕೇಳಲೇಬೇಡಿ.

ತಮಾಷೆ ಏನು ಗೊತ್ತಾ? ಯುನಿಕೋಡ್‌ಗಿಂತ ಹಿಂದಿನ, ಆಸ್ಕಿ ಕಾಲದ ನುಡಿ, ಬರಹ ಫಾಂಟ್‌ಗಳಿಗೆ ಈ ಕಾಟ ಇರಲಿಲ್ಲ. ಒತ್ತು, ಕೊಂಬುಗಳ ತುಂಡುಗಳು ಬೇರೆ ಬೇರೆ ಮನೆಗಳಲ್ಲಿ ಸಿದ್ಧವಾಗಿರುತ್ತಿದ್ದವು. ಟೈಪ್ ಮಾಡುವಾಗಲೇ ಜೋಡಣೆ ಮುಗಿಯುತ್ತಿತ್ತು. ಯುನಿಕೋಡ್ ಆ ಕೆಲಸವನ್ನು ಚಿತ್ರ ಬಿಡಿಸುವವರಿಗೆ ದಾಟಿಸಿತು. ಅದು ಸರಿಯಾದ ದಾರಿಯೇ. ಆದರೆ ದಾಟಿಸಿದ್ದನ್ನು ಎಲ್ಲರೂ ಕೈಚಾಚಿ ತೆಗೆದುಕೊಳ್ಳಲಿಲ್ಲ.

ಸುಮ್ನೆ ಹಾರ್ಫ್‌ಬಝ್ ಸೇರಿಸಿದರೆ ಆಯಿತಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಮ್ಯಾಟ್‌ಪ್ಲಾಟ್‌ಲಿಬ್‌ನ ಪರೀಕ್ಷೆಗಳು ಹೊಸ ಚಿತ್ರವನ್ನು ಹಳೆಯ ಚಿತ್ರದ ಜೊತೆ ಚುಕ್ಕೆಗೆ ಚುಕ್ಕೆ ಹೋಲಿಸಿ ನೋಡುತ್ತವೆ. ಅಕ್ಷರ ಕೂದಲೆಳೆಯಷ್ಟು ಸರಿದರೂ ರಾಶಿ ರಾಶಿ ಪರೀಕ್ಷೆಗಳು ಕೆಂಪಾಗುತ್ತವೆ. ಅದಕ್ಕೇ 2015ರ ಫ್ರೀಟೈಪ್ 2.6.1ನ್ನು ವರ್ಷಗಟ್ಟಲೆ ಬದಲಿಸದೆ ಇಟ್ಟುಕೊಂಡಿದ್ದರು. ಆ ಕಡೆಯವರಿಗೆ ಅವರದೇ ಕಷ್ಟ. ಈ ಕಡೆ ನಾವೇನು ಮಾಡಿದೆವು? ಹೆಸರುಗಳನ್ನು ಇಂಗ್ಲಿಷ್‌ಗೆ ಬದಲಿಸಿ ಮುಂದೆ ಹೋದೆವು. ಗ್ರಾಫ್ ಸರಿ ಕಂಡಿತು, ದೂರು ಬರೆಯುವ ಅಗತ್ಯ ಬೀಳಲಿಲ್ಲ. ಈ ದೋಷ ಇಷ್ಟು ದಿನ ಬದುಕಲು ಇಂಥ ಹೊಂದಾಣಿಕೆಯ ಪಾಲೂ ಜಾಸ್ತಿಯೇ ಇದೆ ಅಂತ ನನಗನಿಸುತ್ತದೆ.

ಸದ್ಯಕ್ಕೆ ದಾರಿಗಳಿವೆ. ಬ್ರೌಸರ್‌ನಲ್ಲೇ ಬಿಡಿಸುವ ಪ್ಲಾಟ್ಲಿ, ಬೋಕೆ ಬಳಸಿದರೆ ಒತ್ತು ತಾನಾಗಿಯೇ ಸರಿ ಬರುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ ಬಿಡಲಾರದವರಿಗೆ, ಅದರ ಚಿತ್ರ ಬಿಡಿಸುವ ಕೆಲಸ ವಹಿಸಿಕೊಂಡು ಒತ್ತು ಸರಿ ಕೂರಿಸುವ ಎಂಪಿಎಲ್‌ಕೈರೋ ಇದೆ. ನಾನು ಹಿಡಿದದ್ದು ಮೂರನೆಯದು. ಚಿತ್ರವನ್ನು ಎಸ್‌ವಿಜಿ (ಬ್ರೌಸರ್‌ನಲ್ಲಿ ತೆರೆಯಬಹುದಾದ ಗೆರೆಚಿತ್ರದ ಕಡತ) ಆಗಿ ಉಳಿಸುವಾಗ ಅಕ್ಷರಗಳನ್ನು ಗೆರೆಗಳಾಗಿಸದೆ ಅಕ್ಷರವಾಗಿಯೇ ಬಿಡು ಅನ್ನುವ ಒಂದು ಸೆಟ್ಟಿಂಗ್ ಇದೆ. ಆಗ ಜೋಡಣೆಯನ್ನು ಬ್ರೌಸರ್ ನೋಡಿಕೊಳ್ಳುತ್ತದೆ. ಒಂದೇ ಕೊರತೆ: ಅಳತೆ ಮಾತ್ರ ಒಡೆದ ಅಕ್ಷರಗಳದ್ದೇ ಆಗಿರುವುದರಿಂದ, ಹೆಸರಿನ ಸುತ್ತಲಿನ ಚೌಕಟ್ಟು ಅಣ್ಣನ ಅಂಗಿ ತಮ್ಮನಿಗೆ ತೊಡಿಸಿದಷ್ಟು ದೊಗಳೆ.

ಭಾವನ ಗ್ರಾಫ್ ಹೀಗೆ ಸರಿಯಾಯಿತು. ಶಿರಸಿ ಪೇಟೆಯಲ್ಲಿ ಪ್ರಿಂಟ್ ಮಾಡಿಸಲು ಹೋದರೆ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ, ಅಕ್ಷರಗಳೆಲ್ಲ ಬೇರೆಯೇ ರೂಪದಲ್ಲಿ ಬಂದವು. ಈಗ ಮನೆಯಲ್ಲೇ ಬ್ರೌಸರ್‌ನಿಂದ ಪಿಡಿಎಫ್ ಮಾಡಿಕೊಂಡು ಹೋಗುತ್ತೇನೆ.